‘ತಿದ್ದಿ ಕಳಿಸಿ’ ಅಂದರೆ ಏನು ಮಾಡಬೇಕು?

ಗದಗದ ಕಡೆಯ ಓದುಗರೊಬ್ಬರು ಚಿಕ್ಕವರಿದ್ದಾಗ ಅಪ್ಪನ ಜೊತೆ ಬ್ಯಾಡಗಿ ಪೇಟೆಗೆ ಮೆಣಸಿನಕಾಯಿ ಮಾರಲು ಹೋದ ನೆನಪನ್ನು ಬರೆದು ಕಳಿಸಿದ್ದರು. ‘ಚೆನ್ನಾಗಿದೆ, ಇನ್ನೊಮ್ಮೆ ತಿದ್ದಿ ಕಳಿಸಿ’ ಎಂದು ವಾಪಸ್ ಮಾಡಿದ್ದೆವು. ಈಗ ಪತ್ರ ಬಂದಿದೆ: ‘ತಿದ್ದುವುದು ಅಂದರೆ ಏನು ಅಂತ ಯಾರೂ ಹೇಳುವುದಿಲ್ಲ. ನಮ್ಮ ಗದುಗಿನ ನಾರಣಪ್ಪ ಇಟ್ಟ ಪದ ಅಳಿಸಲೇ ಇಲ್ಲವಂತೆ. ನಾನ್ಯಾಕೆ ಅಳಿಸಬೇಕು?’

ನಮಸ್ಕಾರ. ನಿಮ್ಮ ಸಿಟ್ಟು ನ್ಯಾಯವಾದದ್ದೇ. ‘ತಿದ್ದಿ ಕಳಿಸಿ’ ಅನ್ನುವುದು ನಮ್ಮಂಥವರ ಸೋಮಾರಿ ಮಾತು.

ಮೊದಲು ನಾರಣಪ್ಪನ ವಿಷಯ. ಹಲಗೆ ಬಳಪ ಹಿಡಿಯಲಿಲ್ಲ, ಇಟ್ಟ ಪದ ಅಳಿಸಲಿಲ್ಲ ಎಂದು ಕುಮಾರವ್ಯಾಸ ತಾನೇ ಹೇಳಿಕೊಂಡಿದ್ದಾನೆ, ನಿಜ. ಆದರೆ ಅವನದು ಹಾಡಿ ಕೇಳಿಸುವ ಭಾಮಿನಿ ಷಟ್ಪದಿ. ಓಲೆಗರಿಗೆ ಇಳಿಯುವ ಮೊದಲು ಆ ಸಾಲುಗಳು ನಾಲಿಗೆಯ ಮೇಲೆ ಎಷ್ಟು ಸಲ ಹೊರಳಿರಬೇಕು! ತಿದ್ದುವ ಕೆಲಸ ಅಲ್ಲೇ ಮುಗಿದಿತ್ತು ಅಂತ ನನ್ನ ಗುಮಾನಿ. ನಾವೋ ಬಾಯಿ ಮುಚ್ಚಿಕೊಂಡು ಮೊಬೈಲಿನಲ್ಲಿ ಒತ್ತುತ್ತೇವೆ. ಆಮೇಲಾದರೂ ಬಾಯಿ ತೆರೆಯಬೇಕಲ್ವಾ?

ಹಾಗಾಗಿ ಮೊದಲ ಸಲ ಸುಮ್ನೆ ಬರೆದುಬಿಡಿ. ಕಾಗುಣಿತ, ಅಂದಚೆಂದ ಏನೂ ನೋಡಬೇಡಿ. ಒಂದು ವಾರ ಮರೆತುಬಿಡಿ. ಆಮೇಲೆ ಕಾಗದದ ಮೇಲೆ ಮುದ್ರಿಸಿಕೊಂಡು, ಮನೆಯಲ್ಲಿ ಯಾರೂ ಇಲ್ಲದಾಗ ಜೋರಾಗಿ ಓದಿ. ನಾಲಿಗೆ ತಡವರಿಸಿದಲ್ಲಿ ಪೆನ್ಸಿಲ್ ಗುರುತು ಹಾಕಿ, ಮುಂದೆ ಹೋಗಿ. ನಿಲ್ಲಿಸಿ ತಿದ್ದಲು ಕೂರಬೇಡಿ.

ನಿಮ್ಮ ಲೇಖನವನ್ನು ನಾನೂ ಹಾಗೇ ಓದಿದೆ. ‘ನನ್ನ ತಂದೆಯವರಿಂದ ಚೀಲಗಳನ್ನು ಗಾಡಿಗೆ ಹೇರಲಾಯಿತು’ ಎಂಬಲ್ಲಿ ತಡವರಿಸಿದೆ. ಮನೆಯಲ್ಲಿ ಹೀಗೆ ಹೇಳುತ್ತೀರಾ? ‘ಅಪ್ಪ ಚೀಲ ಹೇರಿದ’, ಮುಗೀತು. ‘ಬ್ಯಾಡಗಿಯು ಒಂದು ಪ್ರಸಿದ್ಧವಾದ ಮಾರುಕಟ್ಟೆಯಾಗಿದೆ’ ಎಂಬಲ್ಲಿ ಆ ‘ಒಂದು’ ಯಾಕೆ? ಎರಡು ಬ್ಯಾಡಗಿ ಇಲ್ಲವಲ್ಲ. ‘ಆಗಿದೆ’, ‘ಲಾಯಿತು’, ಬೇಡದ ‘ಒಂದು’, ಈ ಮೂರನ್ನೂ ಹುಡುಕಿ ತೆಗೆಯಿರಿ. ಅರ್ಧ ತಿದ್ದುವಿಕೆ ಅಲ್ಲೇ ಆಗುತ್ತದೆ. ನಮ್ಮ ಸರ್ಕಾರಿ ಪತ್ರಗಳಿಂದ ಹತ್ತಿದ ರೋಗ ಇದು.

ಇನ್ನು ಪೀಠಿಕೆ. ಪೋರ್ಚುಗೀಸರು ಮೆಣಸಿನಕಾಯಿ ತಂದದ್ದು, ಬ್ಯಾಡಗಿ ಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ ಅನ್ನೋದು, ಎಲ್ಲ ಸರಿಯೇ. ಆದರೆ ಲೇಖನ ಶುರುವಾಗುವುದು ಮೂರನೇ ಪ್ಯಾರಾದಲ್ಲಿ, ಘಾಟಿಗೆ ನೀವು ಸೀನಿ ಸೀನಿ ದಲಾಲಿ ಅಂಗಡಿಯವರು ನಕ್ಕಲ್ಲಿ. ಮೊದಲೆರಡು ಪ್ಯಾರಾ ನೀವು ಗಂಟಲು ಸರಿಮಾಡಿಕೊಂಡದ್ದು, ಅಷ್ಟೇ. ಕತ್ತರಿಸಿ. ಹೊಟ್ಟೆ ಉರಿಯುತ್ತದೆ, ಗೊತ್ತು. ಬೇರೆ ಫೈಲಿನಲ್ಲಿ ಇಟ್ಟುಕೊಳ್ಳಿ. ನನ್ನ ಹತ್ತಿರವೂ ಅಂಥದ್ದೊಂದು ಫೈಲಿದೆ. ಅದರಿಂದ ಒಂದೇ ಒಂದು ಪ್ಯಾರಾ ಇವತ್ತಿನವರೆಗೂ ವಾಪಸ್ ಬಂದಿಲ್ಲ.

ನನಗೆ ಬೇಜಾರಾದದ್ದು ಮಾತಿನ ಕಡೆ. ನಿಮ್ಮ ತಂದೆ ‘ಬೆಲೆ ಕುಸಿದಿದೆ, ನಡೆ ಹೋಗೋಣ’ ಅನ್ನುತ್ತಾರೆ. ಗದಗದ ರೈತರು ಹೀಗೆ ಮಾತಾಡಿದ್ದನ್ನು ನಾನಂತೂ ಕೇಳಿಲ್ಲ. ‘ದರ ಬಿದ್ದೈತಿ, ನಡಿ’ ಅಂದಿರಬೇಕು. ಅವರು ಅಂದದ್ದನ್ನೇ ಬರೆಯಿರಿ. ಬೆಂಗಳೂರಿನವರಿಗೆ ಅರ್ಥವಾಗುತ್ತೋ ಇಲ್ಲವೋ ಅನ್ನುವ ಚಿಂತೆ ಬೇಡ.

ಕಾಗುಣಿತ ಕೊನೆಗೆ, ನಿಘಂಟು ಪಕ್ಕದಲ್ಲಿಟ್ಟುಕೊಂಡು. ನಿಮ್ಮಲ್ಲಿ ಅ-ಹ ಎರಡು ಕಡೆ ಅದಲುಬದಲಾಗಿದೆ. ನಾಚಿಕೆ ಬೇಡ. ನಮ್ಮದೇ ಸಂಚಿಕೆಯೊಂದರಲ್ಲಿ ‘ಹೊಸ ವರ್ಷದ ಆರೈಕೆಗಳು’ ಎಂದು ಅಚ್ಚಾಗಿತ್ತು. ಕರಡು ನೋಡಿದವನು ನಾನೇ.

ಕೊನೆಯಲ್ಲಿ ನಿಮ್ಮ ತಂದೆ ಖಾಲಿ ಚೀಲ ಮಡಚಿ ತಲೆ ಕೆಳಗೆ ಇಟ್ಟುಕೊಂಡು ಗಾಡಿಯಲ್ಲಿ ಮಲಗುತ್ತಾರೆ. ಅದಾದ ಮೇಲೂ ರೈತ ದೇಶದ ಬೆನ್ನೆಲುಬು ಅಂತ ಹತ್ತು ಸಾಲಿದೆ. ಅದು ಬೇಡ. ಆದರೆ ಆ ದಿನ ದರ ಎಷ್ಟಿತ್ತು ಅಂತ ನೀವು ಎಲ್ಲೂ ಬರೆದಿಲ್ಲ. ನಿಮಗೆ ನೆನಪಿಲ್ಲದಿದ್ದರೆ ನಿಮ್ಮ ತಾಯಿಗೆ ಇರುತ್ತದೆ. ಕೇಳಿ, ಸೇರಿಸಿ, ಕಳಿಸಿ.