ಕೆಂಪು ಶಾಯಿಯ ಲೆಕ್ಕ

ಪತ್ರ: ನನ್ನ ಗುರುಗಳು ಮೂವತ್ತು ವರ್ಷ ಸಾರ್ವಜನಿಕ ಸಂಪರ್ಕ ಮತ್ತು ಮಾಧ್ಯಮ ಬರವಣಿಗೆ ಕಲಿಸಿ ಮೊನ್ನೆ ನಿವೃತ್ತರಾದರು. ಬೀಳ್ಕೊಡುಗೆ ಸಭೆಯಲ್ಲೇ ಒಬ್ಬರು, ‘ಮೇಷ್ಟ್ರ ಪಾಠ ಚೆನ್ನ, ಆದರೆ ಸಂಶೋಧನೆಯ ಪ್ರಭಾವ ಕಡಿಮೆ, ಎಚ್-ಇಂಡೆಕ್ಸ್ ಬರೀ ನಾಲ್ಕು’ ಎಂದುಬಿಟ್ಟರು. ಬೇಸರವಾಯಿತು. ಆದರೆ ಅಂಕಿಯೇ ಬೇಡವೆಂದರೆ ಯಾವುದರಿಂದ ಅಳೆಯುವುದು? ಎಲ್ಲರೂ ತಾವೇ ದೊಡ್ಡವರು ಎಂದುಕೊಂಡರೆ?
— ಓದುಗಿ, ತುಮಕೂರು

ಸಂಪಾದಕರ ಉತ್ತರ: ನಿಮ್ಮ ಕೊನೆಯ ಪ್ರಶ್ನೆಯಲ್ಲಿ ನ್ಯಾಯವಿದೆ. ಅಂಕಿಯಿಲ್ಲದ ಕಾಲದಲ್ಲಿ ವಶೀಲಿ ಇದ್ದವರೇ ವಿದ್ವಾಂಸರಾಗುತ್ತಿದ್ದುದೂ ಉಂಟು. ಅಂಕಿ ಸರಿಯಾಗಿ ಗುರುತಿಸುವವರೂ ಇದ್ದಾರೆ. ಅಮೆರಿಕದ ಸಂವಹನ ವಿದ್ವಾಂಸ ಜೇಮ್ಸ್ ಗ್ರೂನಿಗ್ 1984ರಲ್ಲಿ ಟಾಡ್ ಹಂಟ್ ಜೊತೆ ಸೇರಿ ಸಾರ್ವಜನಿಕ ಸಂಪರ್ಕದ ನಾಲ್ಕು ಮಾದರಿಗಳನ್ನು ಮುಂದಿಟ್ಟರು. ಬರೀ ಪ್ರಚಾರದಿಂದ ಹಿಡಿದು, ಸಂಸ್ಥೆಯೂ ಜನರೂ ಸಮನಾಗಿ ಕೂತು ಮಾತಾಡುವ ದ್ವಿಮುಖ ಸಂವಾದದವರೆಗೆ ಅವು ಹಬ್ಬಿವೆ. ಈ ವಿಷಯ ಓದಿದವರೆಲ್ಲ ಅವನ್ನು ಪರೀಕ್ಷೆಯಲ್ಲಿ ಬರೆದವರೇ. ಅಂಥವರ ಹೆಸರು ಉಲ್ಲೇಖಗಳ ಎಣಿಕೆಯಲ್ಲಿ ಎದ್ದು ಕಾಣುತ್ತದೆ, ಕಾಣಬೇಕಾದ್ದೇ.

ಆದರೆ ಎಚ್-ಇಂಡೆಕ್ಸ್ ನಾಲ್ಕು ಎಂಬ ಆ ಅಂಕಿ ಹೇಳುವುದಾದರೂ ಏನನ್ನು? ನಿಮ್ಮ ಗುರುಗಳ ನಾಲ್ಕು ಪ್ರಬಂಧಗಳನ್ನು ತಲಾ ನಾಲ್ಕು ಸಲವಾದರೂ ಬೇರೆಯವರು ಉಲ್ಲೇಖಿಸಿದ್ದಾರೆ, ಅಷ್ಟೇ. ಹೋರ್ಹೆ ಹಿರ್ಶ್ ಎಂಬ ಭೌತವಿಜ್ಞಾನಿ 2005ರಲ್ಲಿ ಈ ಅಳತೆಗೋಲು ಮಾಡಿದ್ದು ವಿಜ್ಞಾನಿಗಳನ್ನು ಅಳೆಯಲು. ಬರವಣಿಗೆ ಕಲಿಸುವ ಮೇಷ್ಟ್ರಿಗೆ ಅದನ್ನು ಹಿಡಿಯುವುದು ಸೇರಿನಲ್ಲಿ ಬಟ್ಟೆ ಅಳೆದಂತೆ.

ರುಡಾಲ್ಫ್ ಫ್ಲೆಶ್ ಕಥೆ ಕೇಳಿ. ವಿಯೆನ್ನಾದಲ್ಲಿ ಕಾನೂನು ಓದಿದವರು, ನಾಜಿಗಳ ಕಾಟಕ್ಕೆ ಊರು ಬಿಟ್ಟು ನ್ಯೂಯಾರ್ಕ್ ಸೇರಿದವರು. ತಮ್ಮದಲ್ಲದ ಇಂಗ್ಲಿಷಿನಲ್ಲಿ ‘ಓದಿಸಿಕೊಳ್ಳುವ ಬರಹ ಹೇಗಿರುತ್ತದೆ’ ಎಂಬುದರ ಮೇಲೆ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ 1943ರಲ್ಲಿ ಡಾಕ್ಟರೇಟ್ ಪಡೆದರು. 1948ರಲ್ಲಿ ಒಂದು ಸೂತ್ರ ಕೊಟ್ಟರು. ವಾಕ್ಯಕ್ಕೆ ಎಷ್ಟು ಪದ, ಪದಕ್ಕೆ ಎಷ್ಟು ಉಚ್ಚಾರಾಂಶ ಎಂದು ಎಣಿಸಿದರೆ ಬರಹಕ್ಕೊಂದು ಅಂಕ ಸಿಗುತ್ತದೆ. ನೂರರ ಹತ್ತಿರ ಬಂದರೆ ಬಲು ಸುಲಭ, ಸೊನ್ನೆಯ ಹತ್ತಿರ ಬಂದರೆ ಕಬ್ಬಿಣದ ಕಡಲೆ. ಅಸೋಸಿಯೇಟೆಡ್ ಪ್ರೆಸ್ ಎಂಬ ಸುದ್ದಿಸಂಸ್ಥೆ ತನ್ನ ವರದಿಗಾರರ ವಾಕ್ಯ ತಿದ್ದಲು ಅವರನ್ನೇ ಕರೆಸಿತು. 1975ರಲ್ಲಿ ಅಮೆರಿಕದ ನೌಕಾಪಡೆಗಾಗಿ ಈ ಸೂತ್ರ ಹೊಸ ರೂಪ ಪಡೆಯಿತು. ಫ್ಲಾರಿಡಾ ರಾಜ್ಯದ ಕಾನೂನಿನ ಪ್ರಕಾರ ವಿಮಾ ಪಾಲಿಸಿಯ ಪಠ್ಯಕ್ಕೆ ಫ್ಲೆಶ್ ಅಂಕ ಕನಿಷ್ಠ 45 ಇರಬೇಕು. ಗಂಡನನ್ನು ಕಳೆದುಕೊಂಡ ಹೆಣ್ಣುಮಗಳು ಪಾಲಿಸಿಯ ಕಾಗದ ಹಿಡಿದು ಓದುವಾಗ ಅವಳಿಗೆ ಫ್ಲೆಶ್ ಯಾರೆಂದು ಗೊತ್ತಿರುವುದಿಲ್ಲ, ಅವಳು ಯಾವ ಅಡಿಟಿಪ್ಪಣಿಯಲ್ಲೂ ಅವರ ಹೆಸರು ಬರೆಯುವುದಿಲ್ಲ. ಅವಳಿಗೆ ಅರ್ಥವಾಯಿತಲ್ಲ, ನಾನು ಪ್ರಭಾವ ಎನ್ನುವುದು ಅದನ್ನು.

ನಮ್ಮಲ್ಲೇ ನೋಡಿ. ನಾಡಿಗ ಕೃಷ್ಣಮೂರ್ತಿಯವರು 1951ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಪತ್ರಿಕೋದ್ಯಮದ ಪಾಠಕ್ಕೆ ಅಡಿಪಾಯ ಹಾಕಿದರು. ಭಾರತದ ಪತ್ರಿಕೋದ್ಯಮದ ಚರಿತ್ರೆಯನ್ನು ಗ್ರಂಥವಾಗಿ ಬರೆದರು, ಮೈಸೂರು ವಿಶ್ವವಿದ್ಯಾಲಯವೇ ಅದನ್ನು 1966ರಲ್ಲಿ ಅಚ್ಚು ಹಾಕಿತು. ಆ ಗ್ರಂಥದ ಉಲ್ಲೇಖಗಳನ್ನು ಬೇಕಾದರೆ ಎಣಿಸಬಹುದು. ಅಲ್ಲಿ ಪಾಠ ಕೇಳಿದವರು ಪತ್ರಿಕೆಗಳ ಮೇಜಿನಲ್ಲಿ ಕೂತು ತಿದ್ದಿದ ಸುದ್ದಿಗಳನ್ನು ಯಾವ ಯಂತ್ರ ಎಣಿಸೀತು?

ನಾನು ಹೊಸದಾಗಿ ಉಪಸಂಪಾದಕನಾಗಿದ್ದಾಗ ಒಂದು ಪ್ರಕಟಣೆಯನ್ನು ಬಂದಹಾಗೇ ಅಚ್ಚಿಗೆ ಬಿಟ್ಟೆ: ‘ತುರ್ತು ನಿರ್ವಹಣಾ ಕಾಮಗಾರಿಯನ್ನು ಕೈಗೆತ್ತಿಕೊಳ್ಳಲಾಗುತ್ತಿರುವುದರಿಂದ ವಿದ್ಯುತ್ ಸರಬರಾಜಿನಲ್ಲಿ ವ್ಯತ್ಯಯ ಉಂಟಾಗಲಿದ್ದು ಸಾರ್ವಜನಿಕರು ಸಹಕರಿಸಬೇಕಾಗಿ ಕೋರಲಾಗಿದೆ.’ ಮಾರನೆಯ ದಿನ ಹಿಟ್ಟಿನ ಗಿರಣಿಯವರೊಬ್ಬರು ಪತ್ರಿಕೆ ಮಡಚಿಕೊಂಡು ಕಚೇರಿಗೆ ಬಂದರು. ಮೈಯೆಲ್ಲ ರಾಗಿ ಹಿಟ್ಟು. ‘ಸ್ವಾಮಿ, ಕರೆಂಟು ಹೋಗುತ್ತೋ, ಡಿಮ್ ಆಗುತ್ತೋ? ಜನ ರಾಗಿ ತಂದು ಸಾಲಾಗಿ ಇಟ್ಟುಬಿಟ್ಟಿದ್ದಾರೆ’ ಎಂದರು. ಉತ್ತರ ಕೊಡಲು ನನಗೆ ಆಗಲಿಲ್ಲ. ಪ್ರಕಟಣೆ ಬರೆದವರದಷ್ಟೇ ತಪ್ಪು ನನ್ನದೂ ಹೌದು.

ಆ ಪ್ರಕಟಣೆಯಲ್ಲಿ ‘ಕೈಗೆತ್ತಿಕೊಳ್ಳಲಾಗುತ್ತಿರುವುದರಿಂದ’ ಎಂಬ ಒಂದೇ ಪದದಲ್ಲಿ ಹದಿಮೂರು ಅಕ್ಷರಗಳಿವೆ. ಬೆರಳು ಮಡಚಿ ಎಣಿಸಿ ನೋಡಿ. ಗಿರಣಿಯವರಿಗೆ ಬೇಕಾಗಿದ್ದದ್ದು ಇಷ್ಟು: ‘ನಾಳೆ ಬೆಳಿಗ್ಗೆ ಹತ್ತಕ್ಕೆ ಕರೆಂಟು ಹೋಗುತ್ತೆ, ಸಂಜೆ ಐದಕ್ಕೆ ಬರುತ್ತೆ.’ ಎಂಟು ಪದ, ಇಪ್ಪತ್ತೆರಡು ಅಕ್ಷರ. ಒಂದು ಅಕ್ಷರಕ್ಕೆ ಒಂದು ಉಚ್ಚಾರಾಂಶ ಎಂದು ಹಿಡಿದು ಇದನ್ನೂ ಫ್ಲೆಶ್ ಸೂತ್ರಕ್ಕೆ ಹಾಕಿದೆ. ಬಂದ ಅಂಕ ಸೊನ್ನೆಗಿಂತ ಮೂವತ್ತನಾಲ್ಕು ಕೆಳಗೆ! ಎಳೆಯ ಮಗುವಿಗೂ ತಿಳಿಯುವ ಕನ್ನಡ ಆ ಲೆಕ್ಕದಲ್ಲಿ ನಪಾಸು. ಅದು ಇಂಗ್ಲಿಷಿಗೆ ಹೊಲಿದ ಅಂಗಿ. ಪ್ರತ್ಯಯಗಳು ಪದಕ್ಕೇ ಅಂಟಿಕೊಂಡು ಬೆಳೆಯುವ ನಮ್ಮ ನುಡಿಗೆ ಬೇರೆಯದೇ ಅಳತೆ ಬೇಕು. ‘ಲಾಗಿದೆ, ಲಾಗುವುದು’ ಎಂಬ ಕರ್ತೃವಿಲ್ಲದ ವಾಕ್ಯಗಳು ಎಷ್ಟು, ಇಂಗ್ಲಿಷ್ ಆದೇಶವನ್ನು ಪದಕ್ಕೆ ಪದ ಇಳಿಸಿದ್ದು ಎಷ್ಟು, ಓದುಗ ಎಲ್ಲಿ ಎಡವುತ್ತಾನೆ ಎಂದು ಕೂತು ಹುಡುಕುವ ವಿದ್ವಾಂಸರು ಬೇಕು.

ಆ ಕೆಲಸ ಮಾಡುವವರಿಗೆ ನಾವು ಕೊಡುವುದೇನು? 2010ರಲ್ಲಿ ವಿಶ್ವವಿದ್ಯಾಲಯಗಳ ಅನುದಾನ ಆಯೋಗ, ಅಂದರೆ ಯುಜಿಸಿ, ಅಧ್ಯಾಪಕರ ಸಾಧನೆ ಅಳೆಯಲು ಎಪಿಐ ಎಂಬ ಅಂಕಪದ್ಧತಿ ತಂದಿತು. ಬಡ್ತಿಗೆ ಪ್ರಬಂಧಗಳ ಎಣಿಕೆ ಬಂತು. ದುಡ್ಡು ಕೊಟ್ಟರೆ ಏನನ್ನಾದರೂ ಅಚ್ಚು ಹಾಕುವ ಜರ್ನಲ್‌ಗಳು ನಾಯಿಕೊಡೆಯಂತೆ ಎದ್ದವು. ಅವನ್ನು ತಡೆಯಲು ಒಪ್ಪಿತ ಜರ್ನಲ್‌ಗಳ ಕೇರ್ ಪಟ್ಟಿ ಬಂತು, 2025ರಲ್ಲಿ ಅದೂ ಹೋಯಿತು. ಉಲ್ಲೇಖ ಎಣಿಸುವ ದೊಡ್ಡ ಮಾಹಿತಿ ಕಣಜಗಳು ತುಂಬಿರುವುದು ಬಹುಪಾಲು ಇಂಗ್ಲಿಷಿನಿಂದ. ಹಳ್ಳಿಯ ವರದಿಗಾರನಿಗಾಗಿ ಕನ್ನಡದಲ್ಲಿ ಕೈಪಿಡಿ ಬರೆದ ಮೇಷ್ಟ್ರು ಆ ಲೆಕ್ಕದಲ್ಲಿ ಏನೂ ಬರೆಯದವರೇ. ಬುದ್ಧಿವಂತ ತರುಣರು ಕನ್ನಡದ ವಾಕ್ಯ ಬಿಟ್ಟು ಯಾರೂ ಓದದ ಇಂಗ್ಲಿಷ್ ಪ್ರಬಂಧಕ್ಕೆ ಕೂರುತ್ತಾರೆ. ಅವರನ್ನು ಬೈಯಲು ನನಗೆ ಮನಸ್ಸಾಗುವುದಿಲ್ಲ, ಅವರಿಗೂ ಸಂಸಾರವಿದೆ. ಆದರೆ ಹೊಟ್ಟೆ ಉರಿಯುತ್ತದೆ.

ನಿಮ್ಮ ಮೇಲೆ ನನಗೊಂದು ತಕರಾರಿದೆ ತಾಯಿ. ಆ ಸಭೆಯಲ್ಲಿ ನೀವೇಕೆ ಎದ್ದು ನಿಲ್ಲಲಿಲ್ಲ? ನಿಮ್ಮ ಪತ್ರದ ವಾಕ್ಯಗಳನ್ನೇ ನೋಡಿ. ಒಂದೂ ಉದ್ದವಿಲ್ಲ, ಒಂದರಲ್ಲೂ ‘ಲಾಗಿದೆ’ ಇಲ್ಲ. ಅದನ್ನು ಕಲಿಸಿದವರು ಯಾರು? ಹೋಗಲಿ ಬಿಡಿ. ಗುರುಗಳು ಕೆಂಪು ಶಾಯಿಯಲ್ಲಿ ತಿದ್ದಿಕೊಟ್ಟ ಹಾಳೆ ನಿಮ್ಮ ಬಳಿ, ನಿಮ್ಮ ಸಹಪಾಠಿಗಳ ಬಳಿ ಉಳಿದಿದ್ದರೆ ಕಳಿಸಿ. ಒಂದು ಬದಿಗೆ ನೀವು ಮೊದಲು ಬರೆದ ವಾಕ್ಯ, ಇನ್ನೊಂದು ಬದಿಗೆ ಅವರು ತಿದ್ದಿದ ವಾಕ್ಯ. ಮುಂದಿನ ಸಂಚಿಕೆಯಲ್ಲಿ ಎರಡು ಪುಟ ತೆಗೆದಿಡುತ್ತೇನೆ.