ಒಂದು ಪಹಣಿ, ಎರಡು ವರದಿ: ಸಾರ್ವಜನಿಕ ನೀತಿಯ ಅಧ್ಯಯನ ಕುರಿತು ಓದುಗರ ಪ್ರಶ್ನೆಗಳು

ಪ್ರಶ್ನೆ: ನಾನು ರಾಜ್ಯಶಾಸ್ತ್ರದಲ್ಲಿ ಎಂ.ಎ. ಓದುತ್ತಿದ್ದೇನೆ. ಮುಂದೆ ಸಾರ್ವಜನಿಕ ನೀತಿಯ ವಿಷಯದಲ್ಲಿ ಪಿಎಚ್.ಡಿ. ಮಾಡಬೇಕೆಂಬ ಆಸೆಯಿದೆ. ಆದರೆ ಮನೆಯಲ್ಲಿ, ‘ಸರ್ಕಾರ ಆದೇಶ ಹೊರಡಿಸುತ್ತದೆ, ಅಧಿಕಾರಿಗಳು ಜಾರಿ ಮಾಡುತ್ತಾರೆ, ಅದರಲ್ಲಿ ಸಂಶೋಧನೆ ಮಾಡುವುದಕ್ಕೆ ಏನಿದೆ?’ ಎಂದು ಕೇಳುತ್ತಾರೆ. ಅವರಿಗೆ ಏನು ಹೇಳಲಿ? ಎಲ್ಲಿಂದ ಆರಂಭಿಸಲಿ?
– ವಿದ್ಯಾರ್ಥಿನಿ, ಧಾರವಾಡ

ಉತ್ತರ: ನಿಮ್ಮ ಮನೆಯವರು ‘ಆದೇಶ ಹೊರಡಿಸುತ್ತದೆ’ ಎಂಬುದಕ್ಕೂ ‘ಜಾರಿ ಮಾಡುತ್ತಾರೆ’ ಎಂಬುದಕ್ಕೂ ನಡುವೆ ಒಂದು ಅಲ್ಪವಿರಾಮ ಹಾಕಿ ದಾಟಿಬಿಟ್ಟಿದ್ದಾರೆ. ಆ ಅಲ್ಪವಿರಾಮದ ಜಾಗದಲ್ಲಿ ಏನೇನು ನಡೆಯುತ್ತದೆ ಎಂಬುದೇ ಈ ಶಾಸ್ತ್ರದ ಅರ್ಧ ವಿಷಯ. ಉಳಿದರ್ಧ, ಆದೇಶ ಹೊರಡುವುದಕ್ಕೆ ಮೊದಲು ನಡೆದದ್ದು.

ಈ ಅಧ್ಯಯನಕ್ಕೆ ಪ್ರತ್ಯೇಕ ಹೆಸರು ಬಂದದ್ದು 1951ರ ಸುಮಾರಿಗೆ, ಅಮೆರಿಕದ ಹೆರಾಲ್ಡ್ ಲಾಸ್ವೆಲ್ ‘ನೀತಿ ವಿಜ್ಞಾನಗಳು’ ಎಂಬ ಮಾತನ್ನು ಚಲಾವಣೆಗೆ ತಂದಾಗ. ನೀತಿ ಹೇಗೆ ರೂಪುಗೊಳ್ಳುತ್ತದೆ ಎಂಬ ಅರಿವು ಒಂದು, ನೀತಿ ರೂಪಿಸುವಾಗ ಬಳಸಬೇಕಾದ ಅರಿವು ಇನ್ನೊಂದು ಎಂದು ಅವರು ಮಾಡಿದ ವಿಂಗಡಣೆ ಇಂದಿಗೂ ಉಪಯೋಗಕ್ಕೆ ಬರುತ್ತದೆ. ಸಮಸ್ಯೆಯನ್ನು ಗುರುತಿಸಿ, ಇರುವ ದಾರಿಗಳನ್ನೆಲ್ಲ ತೂಗಿ, ಒಂದನ್ನು ಆರಿಸುವುದೇ ನೀತಿ ರಚನೆ ಎಂಬ ಪಠ್ಯಪುಸ್ತಕದ ಚಿತ್ರವನ್ನು ಚಾರ್ಲ್ಸ್ ಲಿಂಡ್‌ಬ್ಲಮ್ 1959ರಲ್ಲೇ ಪ್ರಶ್ನಿಸಿದರು. ಆಡಳಿತಗಾರರು ಎಲ್ಲ ದಾರಿಗಳನ್ನೂ ತೂಗುವುದಿಲ್ಲ, ನಿನ್ನೆ ಇದ್ದದ್ದಕ್ಕೆ ಸ್ವಲ್ಪ ಸೇರಿಸಿ ಸ್ವಲ್ಪ ಕಳೆದು, ತಡವರಿಸುತ್ತಲೇ ಮುಂದಕ್ಕೆ ಹೋಗುತ್ತಾರೆ ಎಂಬುದು ಅವರ ವಾದ. ನಮ್ಮ ಯಾವುದೇ ಇಲಾಖೆಯ ಬಜೆಟ್ಟನ್ನು ಹಿಂದಿನ ವರ್ಷದ್ದರ ಪಕ್ಕದಲ್ಲಿಟ್ಟು ನೋಡಿದವರಿಗೆ ಈ ಮಾತು ಹೊಸದೆನಿಸದು.

ಆರಂಭಿಸುವುದಕ್ಕೆ ಒಂದು ಸರ್ಕಾರಿ ಆದೇಶ ಸಾಕು. ‘ಕರ್ನಾಟಕ ಸರ್ಕಾರದ ನಡವಳಿಗಳು’ ಎಂದು ಮೇಲೆ ಅಚ್ಚಾಗಿರುವ ಆ ಹಾಳೆಯಲ್ಲಿ ಎಲ್ಲರೂ ಕೊನೆಯ ಭಾಗವನ್ನು ಓದುತ್ತಾರೆ, ಸಂಶೋಧಕರು ಮೊದಲ ಭಾಗವನ್ನು ಓದಬೇಕು. ‘ಓದಲಾಗಿದೆ’ ಎಂಬುದರ ಕೆಳಗೆ ಹಿಂದಿನ ಆದೇಶಗಳು, ಇಲಾಖಾ ನಿರ್ದೇಶಕರ ಪತ್ರಗಳು, ಸಭೆಗಳ ನಡವಳಿಗಳು ದಿನಾಂಕ ಸಹಿತ ಇರುತ್ತವೆ. ‘ಪ್ರಸ್ತಾವನೆ’ಯಲ್ಲಿ ಕೇಳಿದ್ದೆಷ್ಟು, ಒಪ್ಪಿದ್ದೆಷ್ಟು ಎಂಬ ಸುಳಿವು ಸಿಗುತ್ತದೆ. ಆರ್ಥಿಕ ಇಲಾಖೆಯ ಸಹಮತಿ ಯಾವ ದಿನಾಂಕದ್ದು ಎಂದು ನೋಡಿದರೆ ಕಡತ ಎಲ್ಲಿ ಎಷ್ಟು ದಿನ ಕುಳಿತಿತ್ತು ಎಂಬ ಅಂದಾಜೂ ಆಗುತ್ತದೆ. ಅಲ್ಲಿಂದ ಮುಂದೆ ಟಿಪ್ಪಣಿ ಹಾಳೆಗಳಿಗಾಗಿ ಮಾಹಿತಿ ಹಕ್ಕಿನ ಅರ್ಜಿ ಹಾಕಬಹುದು. 2005ರ ಆ ಕಾಯ್ದೆಯ 4(1)(ಸಿ) ಉಪಬಂಧವಂತೂ, ಮಹತ್ವದ ನೀತಿಗಳನ್ನು ರೂಪಿಸುವಾಗ ಸಂಬಂಧಪಟ್ಟ ಸಂಗತಿಗಳನ್ನೆಲ್ಲ ಸರ್ಕಾರ ತಾನಾಗಿಯೇ ಪ್ರಕಟಿಸಬೇಕು ಎನ್ನುತ್ತದೆ. ಇದು ಎಷ್ಟರ ಮಟ್ಟಿಗೆ ಪಾಲನೆಯಾಗುತ್ತಿದೆ ಎಂಬುದನ್ನೇ ಪ್ರಬಂಧದ ವಿಷಯವಾಗಿ ತೆಗೆದುಕೊಂಡರೂ ನಿಮಗೆ ಮೂರು ವರ್ಷಗಳ ಕೆಲಸವಿದೆ.

ಆದೇಶದ ನಂತರದ ಭಾಗಕ್ಕೆ ದೇವರಾಜ ಅರಸರ ಕಾಲದ ಭೂಸುಧಾರಣೆಗಿಂತ ಒಳ್ಳೆಯ ಉದಾಹರಣೆ ನಮ್ಮ ರಾಜ್ಯದಲ್ಲಿಲ್ಲ. 1974ರ ಮಾರ್ಚ್ 1ರಂದು ಜಾರಿಗೆ ಬಂದ ಕಾಯ್ದೆ ಇಡೀ ರಾಜ್ಯಕ್ಕೆ ಒಂದೇ. ಉಳುತ್ತಿದ್ದ ಜಮೀನಿನ ಹಕ್ಕಿಗಾಗಿ ಗೇಣಿದಾರ ತುಂಬಬೇಕಾದ 7ನೇ ನಮೂನೆಯ ಅರ್ಜಿ ಎಲ್ಲ ಕಡೆಯೂ ಒಂದೇ, ವಕೀಲರಿಗೆ ಆರಂಭದಲ್ಲಿ ಪ್ರವೇಶವಿಲ್ಲದಿದ್ದ ಭೂ ನ್ಯಾಯಮಂಡಳಿಯ ಸ್ವರೂಪವೂ ಒಂದೇ. ಆದರೂ ಗೇಣಿ ಪದ್ಧತಿ ವ್ಯಾಪಕವಾಗಿದ್ದು ಗೇಣಿದಾರರು ಸಂಘಟಿತರಾಗಿದ್ದ ಕರಾವಳಿಯಲ್ಲಿ ಅದು ಬೀರಿದ ಪರಿಣಾಮಕ್ಕೂ ಒಳನಾಡಿನ ಬಹಳಷ್ಟು ತಾಲ್ಲೂಕುಗಳಲ್ಲಿ ಬೀರಿದ ಪರಿಣಾಮಕ್ಕೂ ಅಜಗಜಾಂತರ. ಈ ವ್ಯತ್ಯಾಸ ಏಕೆ ಬಂತು ಎಂದು ಮನೆಯವರನ್ನೇ ಕೇಳಿ ನೋಡಿ.

ಪ್ರಶ್ನೆ: ನಾನು ನಿವೃತ್ತ ಗ್ರಾಮ ಲೆಕ್ಕಿಗ. ‘ಭೂಮಿ’ ಯೋಜನೆ ಬಂದಾಗ ಕೈಬರಹದ ಪಹಣಿ ಪುಸ್ತಕಗಳನ್ನು ತಾಲ್ಲೂಕು ಕಚೇರಿಗೆ ಹೊತ್ತುಕೊಂಡು ಹೋಗಿ, ಡಾಟಾ ಎಂಟ್ರಿ ಮಾಡುವ ಹುಡುಗರ ಪಕ್ಕದಲ್ಲಿ ಕುಳಿತು ಒಂದೊಂದೇ ಹೆಸರು ಓದಿ ಹೇಳಿದವನು. ಆಮೇಲೆ ಕೆಲವು ಸಂಶೋಧಕರು ಈ ಯೋಜನೆ ದೇಶಕ್ಕೇ ಮಾದರಿ ಎಂದರು, ಇನ್ನು ಕೆಲವರು ಇದರಿಂದ ಲಂಚ ಹೆಚ್ಚಾಯಿತು, ಸಣ್ಣ ರೈತ ಸೋತ ಎಂದು ಬರೆದರು. ಇಬ್ಬರೂ ಓದಿದವರೇ. ನಾವು ಯಾರ ಮಾತನ್ನು ನಂಬಬೇಕು?
– ಓದುಗರು, ಹಾಸನ ಜಿಲ್ಲೆ

ಉತ್ತರ: ಇಬ್ಬರ ಮಾತನ್ನೂ, ಆದರೆ ಇಬ್ಬರೂ ಎಲ್ಲಿ ನಿಂತು ನೋಡಿದರು ಎಂಬುದನ್ನು ಗಮನಿಸಿ.

ಯೋಜನೆಯ ಪರಿಚಯ ನಿಮಗೆ ಬೇಕಿಲ್ಲ, ಇತರ ಓದುಗರಿಗಾಗಿ ಹೇಳುತ್ತೇನೆ. ಸುಮಾರು 67 ಲಕ್ಷ ರೈತರಿಗೆ ಸೇರಿದ 2 ಕೋಟಿಯಷ್ಟು ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿ, ತಾಲ್ಲೂಕು ಕಚೇರಿಯ ಕಿಂಡಿಯಲ್ಲಿ 15 ರೂಪಾಯಿಗೆ ಪ್ರತಿ ಕೊಡುವ ವ್ಯವಸ್ಥೆ 2002ರ ಹೊತ್ತಿಗೆ ರಾಜ್ಯದಾದ್ಯಂತ ಜಾರಿಗೆ ಬಂದಿತ್ತು. ಕೈಬರಹದ ಪಹಣಿ ಕೊಡುವುದು ನಿಂತಿತು. ಹಕ್ಕು ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲೇ ತೆಗೆದುಕೊಳ್ಳಬೇಕು, ಬೇಕಾದವರ ಅರ್ಜಿಯನ್ನು ಮುಂದಕ್ಕೆ ತರುವಂತಿಲ್ಲ ಎಂಬ ಕಟ್ಟು ತಂತ್ರಾಂಶದಲ್ಲೇ ಇತ್ತು.

ಸ್ಯಾಮ್ಯುಯೆಲ್ ಪಾಲ್ ಅವರು 1994ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಪಬ್ಲಿಕ್ ಅಫೇರ್ಸ್ ಸೆಂಟರ್ ಎಂಬ ಸಂಶೋಧನಾ ಸಂಸ್ಥೆ 2002ರಲ್ಲಿ ಈ ಕಿಂಡಿಗಳನ್ನು ಬಳಸಿದ ರೈತರನ್ನು ಮಾತನಾಡಿಸಿ ವರದಿ ಮಾಡಿತು. ಪಹಣಿ ಪಡೆಯುವುದು ಸುಲಭವಾಗಿದೆ, ಓಡಾಟ ಕಡಿಮೆಯಾಗಿದೆ, ಹಿಂದಿನಷ್ಟು ಲಂಚ ಕೊಡಬೇಕಾಗಿಲ್ಲ ಎಂಬುದು ಅವರಿಗೆ ಸಿಕ್ಕ ಉತ್ತರಗಳ ಸಾರ. ಐದು ವರ್ಷಗಳ ನಂತರ, 2007ರಲ್ಲಿ, ಸೊಲೊಮನ್ ಬೆಂಜಮಿನ್ ಮತ್ತು ಸಂಗಡಿಗರು ಬೆಂಗಳೂರಿನ ಸುತ್ತಮುತ್ತ ನಡೆಸಿದ ಅಧ್ಯಯನ ಇದಕ್ಕೆ ತದ್ವಿರುದ್ಧವಾದ ಚಿತ್ರ ಕೊಟ್ಟಿತು: ಭೂವ್ಯವಹಾರಕ್ಕೆ ಹಿಡಿಯುವ ಸಮಯ ಹೆಚ್ಚಾಗಿದೆ, ಲಂಚದ ಮೊತ್ತ ಏರಿದೆ, ದೊಡ್ಡ ಕುಳಗಳು ವಿಶಾಲವಾದ ಭೂಮಿಯನ್ನು ಗುರುತಿಸಿ ವಶಪಡಿಸಿಕೊಳ್ಳುವುದಕ್ಕೆ ಅನುಕೂಲವಾಗಿದೆ.

ಮೊದಲನೆಯವರು ಅಳೆದದ್ದು ಮುಖ್ಯವಾಗಿ ಕಿಂಡಿಯ ಮುಂದೆ ನಡೆಯುವುದನ್ನು. ಬೆಳೆ ಸಾಲಕ್ಕೆ ಸಹಕಾರ ಸಂಘ ಪಹಣಿ ಕೇಳಿದೆ, ರೈತ ಬಸ್ಸು ಹತ್ತಿ ಬಂದಿದ್ದಾನೆ, 15 ರೂಪಾಯಿ ಕೊಟ್ಟು ಕಾಗದ ಪಡೆದು ಹೋಗುತ್ತಾನೆ. ಎರಡನೆಯವರು ನೋಡಿದ್ದು ಜಮೀನು ಕೈಬದಲಾಗುವುದನ್ನು. ಅಲ್ಲಿ ಕಂಪ್ಯೂಟರಿನ ಕೆಲಸ ಒಂದು ಹಂತ ಮಾತ್ರ, ನೋಟಿಸು, ತಕರಾರು, ಸ್ಥಳ ತನಿಖೆ ಎಲ್ಲವೂ ಮನುಷ್ಯರ ಕೈಯಲ್ಲೇ ಉಳಿದಿದ್ದವು. ಮೊದಲಿನ ಅಧ್ಯಯನ ಯೋಜನೆ ಬಂದ ಹೊಸತರಲ್ಲಿ ನಡೆಯಿತು, ಎರಡನೆಯದು ಬೆಂಗಳೂರಿನ ಅಂಚಿನ ಜಮೀನಿಗೆ ಚಿನ್ನದ ಬೆಲೆ ಬಂದಾಗ. ‘ಭೂಮಿ ಯಶಸ್ವಿಯೇ?’ ಎಂಬ ಪ್ರಶ್ನೆ ಎರಡೂ ಕಡೆ ಒಂದೇ ಎಂದು ಕಂಡರೂ ಅಳೆಯುವ ಕೋಲು ಬೇರೆ ಬೇರೆಯಾಗಿತ್ತು. ಅಧ್ಯಯನಗಳನ್ನು ಹೀಗೆ ಪಕ್ಕಪಕ್ಕ ಇಟ್ಟು ಓದದೆ, ಬೇಕಾದ ಸಾಲನ್ನು ಎತ್ತಿಕೊಂಡು ಭಾಷಣದಲ್ಲಿ ಬಳಸುವವರಿಂದಲೇ ನಿಮ್ಮಂಥವರಿಗೆ ಗೊಂದಲವಾಗುತ್ತದೆ ಎಂದು ನನ್ನ ಅನಿಸಿಕೆ.

ಎರಡರಲ್ಲೂ ಒಂದು ಕೊರತೆಯಿದೆ ಎಂದು ನನಗೆ ಅನ್ನಿಸುವುದು ನಿಮ್ಮ ಬಗ್ಗೆ. ಗ್ರಾಮ ಲೆಕ್ಕಿಗನನ್ನು ಒಂದು ವರದಿ ಲಂಚದ ಮೂಲವಾಗಿ ಕಂಡರೆ, ಇನ್ನೊಂದರಲ್ಲಿ ಅವನು ಕೈತಪ್ಪಿದ ಹಳ್ಳಿಯ ಸಂಬಂಧಗಳ ಕೊಂಡಿ. ಅಮೆರಿಕದ ಮೈಕೇಲ್ ಲಿಪ್ಸ್ಕಿ 1980ರಲ್ಲಿ ಹೇಳಿದ ಮಾತೊಂದಿದೆ: ಶಾಲೆಯ ಶಿಕ್ಷಕ, ಬೀದಿಯ ಪೊಲೀಸ್, ಕಲ್ಯಾಣ ಕಚೇರಿಯ ನೌಕರ, ಇವರು ದಿನನಿತ್ಯ ಎದುರಿಗಿರುವವರ ವಿಷಯದಲ್ಲಿ ತೆಗೆದುಕೊಳ್ಳುವ ತೀರ್ಮಾನಗಳೇ ಜನರ ಪಾಲಿಗೆ ಸರ್ಕಾರದ ನೀತಿ. ಪಹಣಿಯ 12ನೇ ಕಾಲಂನಲ್ಲಿ ಸಾಗುವಳಿ ಮಾಡುತ್ತಿರುವವರು ಯಾರು ಎಂದು ಬರೆಯುತ್ತಿದ್ದುದು ಗ್ರಾಮ ಲೆಕ್ಕಿಗನೇ. ಭೂ ನ್ಯಾಯಮಂಡಳಿಗಳ ಕಾಲದಲ್ಲಿ ಆ ಒಂದು ಕಾಲಂನ ಮೇಲೆ ಎಷ್ಟು ಕುಟುಂಬಗಳ ಹಣೆಬರಹ ನಿಂತಿತ್ತು ಎಂಬುದು ನಿಮಗೆ ಗೊತ್ತೇ ಇದೆ. ಡಾಟಾ ಎಂಟ್ರಿಯ ದಿನಗಳಲ್ಲಿ ಓದಲಾಗದ ಅಕ್ಷರ, ಅಳಿಸಿ ತಿದ್ದಿದ ಹೆಸರು, ಸತ್ತು ಮೂವತ್ತು ವರ್ಷವಾದ ಅಜ್ಜನ ಖಾತೆ ಎದುರಾದಾಗ ನೀವು ಏನು ತೀರ್ಮಾನಿಸಿದಿರಿ ಎಂಬುದನ್ನು ದಯವಿಟ್ಟು ಬರೆದಿಡಿ. ನಮ್ಮ ವಿಶ್ವವಿದ್ಯಾಲಯಗಳಿಗೆ ಅಂಥ ಬರಹ ಬೇಕಾಗಿದೆ.

ಪ್ರಶ್ನೆ: ಔಷಧಿಯನ್ನು ಪ್ರಯೋಗ ಮಾಡಿ ನೋಡಬಹುದು, ಕಾನೂನನ್ನು ಹಾಗೆ ನೋಡಲಾಗುತ್ತದೆಯೇ? ಮಹಿಳಾ ಮೀಸಲಾತಿಯಿಂದ ಪಂಚಾಯಿತಿಗಳಲ್ಲಿ ಬದಲಾವಣೆ ಬಂತು ಎನ್ನುವುದಕ್ಕೆ ಪುರಾವೆ ಏನು?
– ಗ್ರಾಮ ಪಂಚಾಯಿತಿ ಸದಸ್ಯೆ, ಮಂಡ್ಯ ಜಿಲ್ಲೆ

ಉತ್ತರ: ಕೆಲವೊಮ್ಮೆ ಕಾನೂನೇ ಪ್ರಯೋಗಕ್ಕೆ ದಾರಿ ಮಾಡಿಕೊಡುತ್ತದೆ. ಕರ್ನಾಟಕದಲ್ಲಿ 1987ರ ಚುನಾವಣೆಗಳಲ್ಲೇ ಮಹಿಳೆಯರಿಗೆ ಶೇಕಡಾ 25ರಷ್ಟು ಸ್ಥಾನ ಮೀಸಲಾಗಿತ್ತು. ಸಂವಿಧಾನದ 73ನೇ ತಿದ್ದುಪಡಿ 1993ರಲ್ಲಿ ಜಾರಿಗೆ ಬಂದ ಮೇಲೆ ದೇಶದಾದ್ಯಂತ ಅಧ್ಯಕ್ಷ ಸ್ಥಾನಗಳಲ್ಲೂ ಮೂರನೇ ಒಂದು ಪಾಲು ಸರದಿಯ ಮೇಲೆ ಮಹಿಳೆಯರಿಗೆ ಮೀಸಲಾಯಿತು. ಯಾವ ಪಂಚಾಯಿತಿಗೆ ಯಾವಾಗ ಮೀಸಲು ಬರುತ್ತದೆ ಎಂಬುದಕ್ಕೂ ಆ ಊರು ಎಂಥದು ಎಂಬುದಕ್ಕೂ ಸಂಬಂಧವಿಲ್ಲದಿದ್ದರೆ, ಮೀಸಲಾದ ಊರನ್ನೂ ಆಗದ ಊರನ್ನೂ ನಿಶ್ಚಿಂತೆಯಿಂದ ಹೋಲಿಸಬಹುದು. ರಾಘವೇಂದ್ರ ಚಟ್ಟೋಪಾಧ್ಯಾಯ ಮತ್ತು ಎಸ್ತರ್ ಡುಫ್ಲೊ ಪಶ್ಚಿಮ ಬಂಗಾಳ ಮತ್ತು ರಾಜಸ್ಥಾನದ 265 ಪಂಚಾಯಿತಿಗಳಲ್ಲಿ ಮಾಡಿ 2004ರಲ್ಲಿ ಪ್ರಕಟಿಸಿದ್ದು ಇದನ್ನೇ.

ಮಹಿಳೆಯರು ಮುಖ್ಯಸ್ಥರಾಗಿದ್ದ ಕಡೆ ಕುಡಿಯುವ ನೀರಿನ ಕೆಲಸಗಳು ಎರಡೂ ರಾಜ್ಯಗಳಲ್ಲಿ ಹೆಚ್ಚಾಗಿದ್ದವು. ರಸ್ತೆಗಳ ವಿಷಯ ಮಾತ್ರ ಬೇರೆ: ಬಂಗಾಳದಲ್ಲಿ ಹೆಚ್ಚಿತ್ತು, ರಾಜಸ್ಥಾನದಲ್ಲಿ ಕಡಿಮೆಯಿತ್ತು. ಬಂಗಾಳದಲ್ಲಿ ಅಧ್ಯಯನ ನಡೆದ ಜಿಲ್ಲೆಯಲ್ಲಿ ರಸ್ತೆಗಾಗಿ ಹೆಚ್ಚು ದೂರುತ್ತಿದ್ದವರು ಹೆಂಗಸರು, ರಾಜಸ್ಥಾನದಲ್ಲಿ ಗಂಡಸರು. ಹಾಗಾಗಿ ‘ಮಹಿಳೆ ಬಂದರೆ ಇಂಥದ್ದೇ ಆಗುತ್ತದೆ’ ಎಂಬ ಸಿದ್ಧ ಸೂತ್ರ ಇದರಿಂದ ಸಿಗುವುದಿಲ್ಲ, ಊರಿನ ಹೆಂಗಸರಿಗೆ ಏನು ಬೇಕಿತ್ತೋ ಆ ಕಡೆಗೆ ಖರ್ಚು ವಾಲಿತು ಎನ್ನಬಹುದು. ‘ಅಧ್ಯಕ್ಷೆಯ ಹೆಸರಿನಲ್ಲಿ ಗಂಡ ಆಡಳಿತ ನಡೆಸುತ್ತಾನೆ’ ಎಂಬ ಮಾತನ್ನು ನೀವು ಸಾಕಷ್ಟು ಕೇಳಿರುತ್ತೀರಿ. ಎಲ್ಲ ಕಡೆಯೂ ಹಾಗೇ ಆಗಿದ್ದರೆ ಈ ವ್ಯತ್ಯಾಸ ಕಾಣಿಸುತ್ತಿರಲಿಲ್ಲ.

ಪ್ರಶ್ನೆ: ಇಷ್ಟೆಲ್ಲ ವರದಿಗಳನ್ನು ಸರ್ಕಾರ ಓದುತ್ತದೆಯೇ, ಅಥವಾ ಕಪಾಟಿಗೆ ಸೇರಿಸುತ್ತದೆಯೇ?
– ಶಿಕ್ಷಕರು, ದೇವದುರ್ಗ

ಉತ್ತರ: ನಿಮ್ಮ ತಾಲ್ಲೂಕಿಗೆ ಸಂಬಂಧಿಸಿದ ವರದಿಯನ್ನೇ ನೋಡೋಣ. ಅರ್ಥಶಾಸ್ತ್ರಜ್ಞ ಡಿ.ಎಂ. ನಂಜುಂಡಪ್ಪ ಅವರ ಸಮಿತಿ 2002ರಲ್ಲಿ 35 ಸೂಚಕಗಳನ್ನು ಬಳಸಿ ಆಗಿನ 175 ತಾಲ್ಲೂಕುಗಳನ್ನು ಅಳೆದು, 114 ತಾಲ್ಲೂಕುಗಳು ಹಿಂದುಳಿದಿವೆ ಎಂದಿತು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು, ದೇವದುರ್ಗವೂ ಆ ಪಟ್ಟಿಯಲ್ಲಿದೆ. ಎಂಟು ವರ್ಷಗಳಲ್ಲಿ 31,000 ಕೋಟಿ ರೂಪಾಯಿಯ ವಿಶೇಷ ಅಭಿವೃದ್ಧಿ ಯೋಜನೆ ಬೇಕೆಂಬುದು ಶಿಫಾರಸು. ಯೋಜನೆ ಆರಂಭವಾದದ್ದು 2007-08ರಲ್ಲಿ. ಐದು ವರ್ಷ ಕಪಾಟಿನಲ್ಲಿತ್ತು ಎನ್ನುವವರಿದ್ದಾರೆ. ಆದರೆ ಆ ಐದು ವರ್ಷಗಳಲ್ಲಿ ‘ಅತ್ಯಂತ ಹಿಂದುಳಿದ ತಾಲ್ಲೂಕು’ ಎಂಬ ಪದ ಶಾಸಕರ ಬಾಯಲ್ಲಿ, ಮನವಿಪತ್ರಗಳಲ್ಲಿ, ಧರಣಿಯ ಫಲಕಗಳಲ್ಲಿ ನೆಲೆಯೂರಿತು. ಸಂಶೋಧನೆ ಸರ್ಕಾರವನ್ನು ತಲುಪುವುದು ಹೆಚ್ಚಾಗಿ ಹೀಗೆ, ಜನರ ಮಾತಿನ ಮೂಲಕ ಬಳಸುದಾರಿಯಲ್ಲಿ.

ತಾಲ್ಲೂಕಿನ ಸರಾಸರಿ ಅದರೊಳಗಿನ ಊರೂರಿನ ವ್ಯತ್ಯಾಸವನ್ನು ಮರೆಮಾಚುತ್ತದೆ ಎಂಬುದು ಈ ಅಳತೆಯ ಬಗ್ಗೆ ನನ್ನ ತಕರಾರು. ಪ್ರಾದೇಶಿಕ ಅಸಮತೋಲನವನ್ನು ಮತ್ತೆ ಅಳೆಯಲು 2024ರಲ್ಲಿ ಎಂ. ಗೋವಿಂದ ರಾವ್ ಅವರ ಅಧ್ಯಕ್ಷತೆಯಲ್ಲಿ ಹೊಸ ಸಮಿತಿ ರಚನೆಯಾಯಿತು. ಹಳೆಯ ಪಟ್ಟಿಯ ಜೊತೆ ಹೊಸ ಅಂಕಿಗಳನ್ನು ಹೋಲಿಸಲು ಹೊರಡುವವರು ಒಂದು ಎಚ್ಚರ ವಹಿಸಬೇಕು: ನಿಮ್ಮ ಜಿಲ್ಲೆಯ ಮಸ್ಕಿ, ಸಿರವಾರ ಆಗ ತಾಲ್ಲೂಕುಗಳೇ ಆಗಿರಲಿಲ್ಲ.