ಮೂವತ್ತು ದಾಟಿದ ಮೇಲೆ ನರ್ಸಿಂಗ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಬಾರಿ ಬಂದ ಪತ್ರಗಳಲ್ಲಿ ನಾಲ್ಕು ಒಂದೇ ವಿಷಯವನ್ನು ನಾಲ್ಕು ದಿಕ್ಕಿನಿಂದ ಕೇಳಿದ್ದರಿಂದ, ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇನೆ. ಮೊದಲನೆಯ ಪತ್ರ ಉದ್ದವಾದುದು; ಅದನ್ನು ಕೊಂಚ ಸಂಕ್ಷೇಪಿಸಿದ್ದೇನೆ.

ಪ್ರಶ್ನೆ: ಮೇಡಂ, ನನಗೆ 33 ವರ್ಷ. ಕಲಾ ವಿಭಾಗದಲ್ಲಿ ಪಿಯುಸಿ ಮುಗಿಸಿದ್ದೇನೆ, ಶೇ 54 ಅಂಕ ಬಂದಿತ್ತು. ಎರಡು ವರ್ಷಕ್ಕೇ ಮದುವೆಯಾಯಿತು. ಮಗಳು ಏಳನೆಯ ತರಗತಿ, ಮಗ ಒಂದನೆಯ ತರಗತಿ. ಯಜಮಾನರು ಬಸ್ ಚಾಲಕರು, ವಾರದಲ್ಲಿ ಮೂರು ರಾತ್ರಿ ಹಾಲ್ಟಿಂಗ್ ಡ್ಯೂಟಿ ಇರುತ್ತದೆ. ನಾಲ್ಕು ವರ್ಷದಿಂದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಒಪಿಡಿ ಚೀಟಿ ಬರೆಯುವ ಕೆಲಸ ಮಾಡುತ್ತಿದ್ದೇನೆ. ಅಲ್ಲಿನ ಸಿಸ್ಟರ್‌ಗಳನ್ನು ನೋಡಿ ನಾನೂ ನರ್ಸಿಂಗ್ ಓದಬೇಕೆಂಬ ಆಸೆ ಗಟ್ಟಿಯಾಗಿದೆ. ‘ಮಗಳನ್ನು ಓದಿಸುವ ವಯಸ್ಸಿನಲ್ಲಿ ನೀನು ಓದಲು ಹೊರಟರೆ ಮನೆ ನೋಡುವವರು ಯಾರು’ ಎಂದು ಅತ್ತೆ ಕೇಳುತ್ತಾರೆ. ಅವರಿಗೆ ಸಕ್ಕರೆ ಕಾಯಿಲೆ, ದಿನವೂ ಇನ್ಸುಲಿನ್ ಕೊಡಬೇಕು. ನನ್ನ ವಯಸ್ಸಿಗೆ ಸೀಟು ಸಿಗುತ್ತದೆಯೇ? ಸಿಕ್ಕರೂ ನನ್ನಿಂದ ಆಗುತ್ತದೆಯೇ?
– ಹೆಸರು ಬೇಡ, ಹಾಸನ ಜಿಲ್ಲೆ

ಉತ್ತರ: ಮೊದಲ ಪ್ರಶ್ನೆಗೆ ನಿಯಮವೇ ಉತ್ತರ ಕೊಡುತ್ತದೆ. ಭಾರತೀಯ ನರ್ಸಿಂಗ್ ಪರಿಷತ್ತಿನ ನಿಯಮದಂತೆ ಮೂರು ವರ್ಷದ ಜಿಎನ್‌ಎಂ (ಜನರಲ್ ನರ್ಸಿಂಗ್ ಮತ್ತು ಮಿಡ್‌ವೈಫರಿ, ಅಂದರೆ ಶುಶ್ರೂಷೆ ಮತ್ತು ಹೆರಿಗೆ ಆರೈಕೆ) ಡಿಪ್ಲೊಮಾಕ್ಕೂ ನಾಲ್ಕು ವರ್ಷದ ಬಿ.ಎಸ್ಸಿ. ನರ್ಸಿಂಗ್‌ಗೂ ಸೇರುವ ಗರಿಷ್ಠ ವಯಸ್ಸು 35. ಬಿ.ಎಸ್ಸಿ.ಗೆ ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರಗಳನ್ನು ಓದಿರಬೇಕಾದ್ದರಿಂದ ಆ ಬಾಗಿಲು ನಿಮಗಿಲ್ಲ. ಜಿಎನ್‌ಎಂ ಹಾಗಲ್ಲ; ಇಂಗ್ಲಿಷ್ ಓದಿ ಶೇ 40 ಅಂಕ ಪಡೆದಿರುವ ಕಲಾ ವಿಭಾಗದವರಿಗೂ ಅದು ತೆರೆದಿದೆ. ಅಂದರೆ ಯೋಚಿಸಲು ನಿಮಗೆ ಹೆಚ್ಚು ಕಾಲವಿಲ್ಲ. ಈ ವರ್ಷ, ತಪ್ಪಿದರೆ ಮುಂದಿನ ವರ್ಷ. ಇನ್ನೊಂದು ವಿಷಯವನ್ನು ಇಲ್ಲೇ ಹೇಳಿಬಿಡುತ್ತೇನೆ. 1947ರ ನರ್ಸಿಂಗ್ ಪರಿಷತ್ ಕಾಯ್ದೆಯ ಬದಲಿಗೆ ರಾಷ್ಟ್ರೀಯ ನರ್ಸಿಂಗ್ ಮತ್ತು ಸೂಲಗಿತ್ತಿ ಆಯೋಗದ ಕಾಯ್ದೆಗೆ 2023ರಲ್ಲಿ ಸಂಸತ್ತು ಒಪ್ಪಿಗೆ ಕೊಟ್ಟಿದೆ. ನಿಯಮಗಳು ಬದಲಾಗಬಹುದಾದ್ದರಿಂದ ವಯಸ್ಸನ್ನು ಯಾವ ದಿನಾಂಕಕ್ಕೆ ಲೆಕ್ಕ ಹಾಕುತ್ತಾರೆ ಎಂಬುದನ್ನು ನನ್ನ ಮಾತಿನಿಂದಾಗಲಿ ಕಾಲೇಜಿನ ಕರಪತ್ರದಿಂದಾಗಲಿ ತಿಳಿಯಬೇಡಿ, ಆ ವರ್ಷದ ಪ್ರವೇಶ ಅಧಿಸೂಚನೆಯಲ್ಲೇ ಓದಿಕೊಳ್ಳಿ.

ಸರ್ಕಾರಿ ನೌಕರಿಯ ವಿಷಯದಲ್ಲಿ ನಿಮಗೆ ಸುಳ್ಳು ಭರವಸೆ ಕೊಡಲಾರೆ. ಕರ್ನಾಟಕದಲ್ಲಿ ನೇರ ನೇಮಕಾತಿಯ ಗರಿಷ್ಠ ವಯೋಮಿತಿ ಸಾಮಾನ್ಯವಾಗಿ ಸಾಮಾನ್ಯ ವರ್ಗಕ್ಕೆ 35, ಹಿಂದುಳಿದ ಪ್ರವರ್ಗ 2ಎ, 2ಬಿ, 3ಎ, 3ಬಿಗಳಿಗೆ 38, ಪರಿಶಿಷ್ಟ ಜಾತಿ, ಪಂಗಡ ಮತ್ತು ಪ್ರವರ್ಗ 1ಕ್ಕೆ 40. ನೀವು ಓದು ಮುಗಿಸಿ ನರ್ಸಿಂಗ್ ಪರಿಷತ್ತಿನಲ್ಲಿ ನೋಂದಣಿ ಪಡೆಯುವಾಗ 37ರ ಹತ್ತಿರ ಇರುತ್ತೀರಿ. ಸರ್ಕಾರ ಆಗಾಗ ಒಂದು ಸಲದ ಮಟ್ಟಿಗೆ ವಯೋಮಿತಿ ಸಡಿಲಿಸಿರುವುದುಂಟು; ಅದನ್ನು ನಂಬಿಕೊಂಡು ಸಾಲ ಮಾಡಬಾರದು. ಖಾಸಗಿ ಆಸ್ಪತ್ರೆಗಳಲ್ಲಿ ಅಂಥ ಕಟ್ಟುಪಾಡಿಲ್ಲ. ಅಲ್ಲಿ ಸೇರಿದ ಮೇಲೆ ಎರಡು ವರ್ಷದ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಮಾಡಿಕೊಂಡರೆ ಪದವಿಯೂ ಕೈಗೆ ಬರುತ್ತದೆ.

‘ನನ್ನಿಂದ ಆಗುತ್ತದೆಯೇ’ ಎಂದು ಕೇಳಿದ್ದೀರಿ. ಬಹಳ ವರ್ಷ ಪಾಠ ಹೇಳಿದವಳಾಗಿ ನಾನು ಕಂಡದ್ದನ್ನು ಹೇಳುವುದಾದರೆ, ಮಕ್ಕಳೊಂದಿಗರಾದ ವಿದ್ಯಾರ್ಥಿನಿಯರು ಓದಲಾರದೆ ಬಿಟ್ಟುಹೋದದ್ದು ಅಪರೂಪ, ಹೊತ್ತು ಹೊಂದಿಸಲಾರದೆ ಬಿಟ್ಟುಹೋದದ್ದೇ ಹೆಚ್ಚು. ತರಗತಿಯಲ್ಲೂ ಪ್ರಾಯೋಗಿಕದಲ್ಲೂ ಶೇ 80 ಹಾಜರಾತಿ ಇಲ್ಲದೆ ಪರೀಕ್ಷೆಗೆ ಕೂರಿಸುವುದಿಲ್ಲ. ವಾರ್ಡ್ ಪೋಸ್ಟಿಂಗ್‌ಗಳನ್ನಂತೂ ಪ್ರಮಾಣಪತ್ರ ಕೈಗೆ ಬರುವುದರೊಳಗೆ ನೂರಕ್ಕೆ ನೂರು ಪೂರೈಸಲೇಬೇಕು. ಮಗನಿಗೆ ಜ್ವರ ಬಂದು ನೀವು ಮೂರು ದಿನ ಹೆರಿಗೆ ವಾರ್ಡಿಗೆ ಹೋಗದಿದ್ದರೆ, ಆ ಮೂರು ದಿನವನ್ನು ಮುಂದೆ ರಜೆಯಲ್ಲಾದರೂ ತುಂಬಿಕೊಡಬೇಕಾಗುತ್ತದೆ. ಈ ನಿಯಮ ಕಟುವಾದುದು ಎಂದು ನನಗೂ ಎಷ್ಟೋ ಸಲ ಅನ್ನಿಸಿದೆ. ಆದರೆ ಹೆರಿಗೆಯನ್ನು ಪುಸ್ತಕದಲ್ಲಿ ಮಾತ್ರ ನೋಡಿದ ನರ್ಸ್ ನನ್ನ ಮಗಳ ಹಾಸಿಗೆಯ ಬಳಿ ನಿಲ್ಲುವುದನ್ನು ನಾನು ಒಪ್ಪುತ್ತೇನೆಯೇ ಎಂದು ಕೇಳಿಕೊಂಡಾಗ ಸುಮ್ಮನಾಗಿದ್ದೇನೆ.

ಆದ್ದರಿಂದ ಅರ್ಜಿ ತುಂಬುವ ಮೊದಲು ಒಂದು ಕೆಲಸ ಮಾಡಿ. ಯಜಮಾನರ ಒಂದು ತಿಂಗಳ ಡ್ಯೂಟಿ ಚಾರ್ಟ್ ಎದುರಿಗಿಟ್ಟುಕೊಂಡು, ನೀವು ಬೆಳಿಗ್ಗೆ ಏಳಕ್ಕೆ ಮನೆ ಬಿಡಬೇಕಾದರೆ ಅವರು ಹಾಲ್ಟಿಂಗ್‌ನಲ್ಲಿರುವ ಆ ಹನ್ನೆರಡು ಹದಿಮೂರು ಬೆಳಗುಗಳಲ್ಲಿ ಮಗನನ್ನು ಎಬ್ಬಿಸಿ ತಿಂಡಿ ಕೊಟ್ಟು ಶಾಲೆಗೆ ಕಳುಹಿಸುವವರು ಯಾರು ಎಂದು ಒಂದೊಂದು ದಿನದ ಎದುರಿಗೂ ಹೆಸರು ಬರೆಯಿರಿ. ‘ಹೇಗೋ ಆಗುತ್ತದೆ’ ಎಂದು ಬಿಟ್ಟ ದಿನಗಳೇ ಮುಂದೆ ಹಾಜರಾತಿ ಪುಸ್ತಕದಲ್ಲಿ ಖಾಲಿ ಮನೆಗಳಾಗುತ್ತವೆ. ಮೂರನೆಯ ವರ್ಷವನ್ನೂ ಈಗಲೇ ನೋಡಿಕೊಳ್ಳಿ. ಜಿಎನ್‌ಎಂನ ಕೊನೆಯ ಆರು ತಿಂಗಳು ಇಂಟರ್ನ್‌ಶಿಪ್, ಆಗ ನೈಟ್ ಡ್ಯೂಟಿಯೂ ಬರುತ್ತದೆ. ನಿಮ್ಮ ಮಗಳು ಮುಂದಿನ ವರ್ಷ ಎಂಟಕ್ಕೆ ಹೋಗುವಾಗ ನೀವೂ ಸೇರಿದರೆ, ಅವಳು ಎಸ್‌ಎಸ್‌ಎಲ್‌ಸಿಗೆ ಕೂರುವ ವರ್ಷವೂ ನಿಮ್ಮ ಕೊನೆಯ ವರ್ಷವೂ ಒಂದೇ. ಇದು ಹಿಂದೆ ಸರಿಯಲು ಕಾರಣವೇನೂ ಅಲ್ಲ, ಆದರೆ ಆ ವರ್ಷ ಮನೆಯಲ್ಲಿ ಇನ್ನೊಬ್ಬ ದೊಡ್ಡವರು ಇರಬೇಕೆಂಬುದನ್ನು ತವರಿನವರೊಡನೆ ಈಗಲೇ ಮಾತಾಡಿಟ್ಟುಕೊಳ್ಳುವುದು ಒಳ್ಳೆಯದು.

ಅತ್ತೆಯವರ ಪ್ರಶ್ನೆಯನ್ನು ನಾನು ಅಡ್ಡಿ ಎಂದು ಓದಲಿಲ್ಲ. ಇನ್ಸುಲಿನ್ ಯಾರು ಕೊಡುತ್ತಾರೆ ಎಂಬ ಹೆದರಿಕೆ ಅದರ ಹಿಂದಿರಬಹುದು. ಇನ್ಸುಲಿನ್ ಪೆನ್ನಿನಿಂದ ತಾವೇ ಚುಚ್ಚಿಕೊಳ್ಳುವುದನ್ನು ಅವರಿಗೂ, ಸಕ್ಕರೆ ಇಳಿದಾಗ ಬರುವ ಬೆವರು, ನಡುಕ, ಗಲಿಬಿಲಿಗಳನ್ನು ಗುರುತಿಸಿ ಕೂಡಲೇ ಸಕ್ಕರೆ ನೀರು ಕುಡಿಸುವುದನ್ನು ಮಗಳಿಗೂ ಕಲಿಸಿ. ನಿಮ್ಮ ಮೊದಲ ಆರೋಗ್ಯ ಶಿಕ್ಷಣ ಪಾಠ ಮನೆಯ ಪಡಸಾಲೆಯಲ್ಲೇ ಆಗಲಿ.

ಇನ್ನು ಓದು. ಪಾಠವೂ ಪರೀಕ್ಷೆಯೂ ಇಂಗ್ಲಿಷಿನಲ್ಲಿ. ಕನ್ನಡ ಮಾಧ್ಯಮದಿಂದ ಬಂದವರು ಮೊದಲ ಮೂರು ತಿಂಗಳು ಅಂಗರಚನಾಶಾಸ್ತ್ರದ ಪುಸ್ತಕದ ಮುಂದೆ ಅತ್ತದ್ದನ್ನು ನೋಡಿದ್ದೇನೆ, ಆಮೇಲೆ ಅವರೇ ತರಗತಿಗೆ ಮೊದಲಿಗರಾದದ್ದನ್ನೂ ನೋಡಿದ್ದೇನೆ. ಶಬ್ದಗಳನ್ನು ಇಡಿಯಾಗಿ ಬಾಯಿಪಾಠ ಮಾಡಬೇಡಿ, ಸಂಧಿ ಬಿಡಿಸುವಂತೆ ಬಿಡಿಸಿ. ‘ಐಟಿಸ್’ ಎಂದು ಮುಗಿದರೆ ಉರಿಯೂತ. ಆಗ ಹೆಪಟೈಟಿಸ್ ಯಕೃತ್ತಿನದು, ನೆಫ್ರೈಟಿಸ್ ಮೂತ್ರಪಿಂಡದ್ದು, ಗ್ಯಾಸ್ಟ್ರೈಟಿಸ್ ಜಠರದ್ದು. ‘ಎಕ್ಟಮಿ’ ಎಂದರೆ ಕತ್ತರಿಸಿ ತೆಗೆಯುವುದು. ‘ಹೈಪರ್’ ಹೆಚ್ಚು, ‘ಹೈಪೊ’ ಕಡಿಮೆ. ಇಂಥ ಐವತ್ತು ತುಣುಕುಗಳು ಗೊತ್ತಾದರೆ ಐನೂರು ಶಬ್ದ ತಾವಾಗಿ ಬಿಚ್ಚಿಕೊಳ್ಳುತ್ತವೆ.

ಲೆಕ್ಕಕ್ಕೂ ಹೆದರಬೇಡಿ. ಮಗುವಿಗೆ 250 ಮಿಲಿಗ್ರಾಂ ಪ್ಯಾರಾಸಿಟಮಾಲ್ ಕೊಡಲು ವೈದ್ಯರು ಬರೆದಿದ್ದಾರೆ, ಸೀಸೆಯಲ್ಲಿ 5 ಮಿಲಿಲೀಟರಿಗೆ 125 ಮಿಲಿಗ್ರಾಂ ಇದೆ ಎಂದರೆ 10 ಮಿಲಿಲೀಟರ್ ಕೊಡಬೇಕು. ಇದು ಪಾಯಸಕ್ಕೆ ಜನ ಹೆಚ್ಚಾದಾಗ ಬೆಲ್ಲ ಹೆಚ್ಚಿಸುವ ಲೆಕ್ಕವೇ. 500 ಮಿಲಿಲೀಟರ್ ಸಲೈನನ್ನು ನಾಲ್ಕು ಗಂಟೆಯಲ್ಲಿ ಏರಿಸಬೇಕು, ಮಿಲಿಲೀಟರಿಗೆ 20 ಹನಿ ಬೀಳುವ ಸೆಟ್ ಇದೆ ಎಂದುಕೊಳ್ಳಿ. ಒಟ್ಟು 10,000 ಹನಿ, 240 ನಿಮಿಷ. ನಿಮಿಷಕ್ಕೆ ಸುಮಾರು 42 ಹನಿ. ನೀವು ಈಗ ಕೆಲಸ ಮಾಡುವ ಆಸ್ಪತ್ರೆಯಲ್ಲೇ, ಸಿಸ್ಟರ್ ಅನುಮತಿ ಕೊಟ್ಟರೆ, ಗಡಿಯಾರ ಹಿಡಿದು ನಿಂತು ಎಣಿಸಿ ನೋಡಿ. ಯಾವುದನ್ನೂ ಮುಟ್ಟಬೇಡಿ ಎಂದು ಬೇರೆ ಹೇಳಬೇಕಿಲ್ಲ.

ಕಾಲೇಜಿನ ಆಯ್ಕೆಯಲ್ಲಿ ಒಂದು ಎಚ್ಚರ. ‘ಹಾಜರಾತಿ ನಾವು ನೋಡಿಕೊಳ್ಳುತ್ತೇವೆ, ನೀವು ಪರೀಕ್ಷೆಗೆ ಬಂದರೆ ಸಾಕು’ ಎನ್ನುವ ಏಜೆಂಟರು ನಿಮ್ಮಂಥ ಗೃಹಿಣಿಯರನ್ನೇ ಹುಡುಕಿಕೊಂಡು ಬರುತ್ತಾರೆ. ಜಿಎನ್‌ಎಂ ಅಂಚೆ ಶಿಕ್ಷಣವಲ್ಲ. ಸಂಸ್ಥೆಗೆ ಭಾರತೀಯ ನರ್ಸಿಂಗ್ ಪರಿಷತ್ತಿನ ಮತ್ತು ಕರ್ನಾಟಕ ರಾಜ್ಯ ನರ್ಸಿಂಗ್ ಪರಿಷತ್ತಿನ ಮಾನ್ಯತೆ ಆ ವರ್ಷಕ್ಕೆ ಇದೆಯೇ ಎಂದು ಪರಿಷತ್ತುಗಳ ಪಟ್ಟಿಯಲ್ಲೇ ನೋಡಿ. ಆಮೇಲೆ, ವಿದ್ಯಾರ್ಥಿಗಳನ್ನು ಕಳುಹಿಸುವ ಆಸ್ಪತ್ರೆಗೆ ಒಂದು ಬೆಳಿಗ್ಗೆ ಹೋಗಿ ಹಾಸಿಗೆಗಳಲ್ಲಿ ರೋಗಿಗಳು ಇದ್ದಾರೆಯೇ ಎಂದು ಕಣ್ಣಾರೆ ನೋಡಿ ಬನ್ನಿ. ರೋಗಿಯೇ ಇಲ್ಲದ ವಾರ್ಡಿನಲ್ಲಿ ಕಲಿಯುವುದು ಏನೂ ಇರುವುದಿಲ್ಲ. ಜಿಲ್ಲಾ ಆಸ್ಪತ್ರೆಗೆ ಹೊಂದಿಕೊಂಡ ಸರ್ಕಾರಿ ನರ್ಸಿಂಗ್ ಶಾಲೆಯಲ್ಲಿ ಸೀಟು ಸಿಕ್ಕಿದರೆ, ಕಟ್ಟಡ ಹಳೆಯದೆಂದು ಮೂಗು ಮುರಿಯದೆ ಸೇರಿಕೊಳ್ಳಿ.

ವಯಸ್ಸಿನ ಬಗೆಗಿನ ಸಂಕೋಚಕ್ಕೆ ಒಂದು ಮಾತು: ಫ್ಲಾರೆನ್ಸ್ ನೈಟಿಂಗೇಲ್ ಜರ್ಮನಿಯ ಕೈಸರ್ಸ್‌ವೆರ್ತ್‌ನಲ್ಲಿ ತರಬೇತಿ ಪಡೆದದ್ದು 1851ರಲ್ಲಿ, ಆಗ ಅವರಿಗೆ 31 ವರ್ಷ. ಅವರಿಗೆ ಮಕ್ಕಳಿರಲಿಲ್ಲ, ಮನೆಯಲ್ಲಿ ಆಳುಕಾಳು ಇತ್ತು ಎಂಬುದನ್ನೂ ಮರೆಯದೆ ಹೇಳಬೇಕು.

ಪ್ರಶ್ನೆ: ನನಗೆ 38. ಉಪಕೇಂದ್ರದಲ್ಲಿ ಗುತ್ತಿಗೆಯ ಮೇಲೆ ಎಎನ್‌ಎಂ (ಸಹಾಯಕ ನರ್ಸ್ ಮತ್ತು ಸೂಲಗಿತ್ತಿ) ಆಗಿದ್ದೇನೆ. ಜಿಎನ್‌ಎಂ ಸೇರಲು ವಯಸ್ಸು ಮೀರಿತೆಂದು ಒಂದು ಕಡೆ ಹೇಳಿದರು. ನನ್ನ ನಾದಿನಿಗೂ 38, ಅವಳು ಪಿಯುಸಿ ಮಾತ್ರ ಓದಿದ್ದಾಳೆ. ನಮ್ಮಿಬ್ಬರಿಗೂ ದಾರಿಯಿದೆಯೇ?
– ಬೆಳಗಾವಿ ಜಿಲ್ಲೆಯ ಓದುಗರು

ಉತ್ತರ: ನಿಮಗೆ ಇದೆ, ನಾದಿನಿಯವರಿಗೆ ಇಲ್ಲ. ಎಎನ್‌ಎಂ ಆಗಿ ತರಬೇತಿ ಪಡೆದವರಿಗೆ ಜಿಎನ್‌ಎಂ ಪ್ರವೇಶದಲ್ಲಿ ವಯೋಮಿತಿ ಅನ್ವಯಿಸುವುದಿಲ್ಲ ಎಂದು ಪರಿಷತ್ತಿನ ನಿಯಮದಲ್ಲೇ ಇದೆ. ನಿಮ್ಮ ನೋಂದಣಿ ಪತ್ರವನ್ನೂ ಆ ನಿಯಮದ ಪ್ರತಿಯನ್ನೂ ಕೈಯಲ್ಲಿ ಹಿಡಿದೇ ಹೋಗಿ, ಏಕೆಂದರೆ ಪ್ರವೇಶದ ಕಿಟಕಿಯಲ್ಲಿ ಕುಳಿತವರಿಗೆ ಇದು ತಿಳಿದಿರಲೇಬೇಕೆಂದಿಲ್ಲ. ಆದರೆ ಗುತ್ತಿಗೆಯ ಕೆಲಸ ಮಾಡುತ್ತಲೇ ಓದಲಾಗುವುದಿಲ್ಲ. ಮೂರು ವರ್ಷ ಸಂಬಳವಿಲ್ಲದೆ ಮನೆ ನಡೆಯುವುದಾದರೆ ಮಾತ್ರ ರಾಜೀನಾಮೆ ಬರೆಯಿರಿ. ನಾದಿನಿಯವರು ಆಸ್ಪತ್ರೆಯ ಕೆಲಸವನ್ನೇ ಬಯಸುವುದಾದರೆ ಜನರಲ್ ಡ್ಯೂಟಿ ಅಸಿಸ್ಟೆಂಟ್ ತರಬೇತಿ ಪಡೆಯಬಹುದು. ರೋಗಿಯನ್ನು ಮಗ್ಗುಲಾಗಿಸುವುದು, ಸ್ನಾನ ಮಾಡಿಸುವುದು, ಊಟ ಮಾಡಿಸುವುದು ಅದರಲ್ಲಿ ಸೇರಿವೆ. ಅದು ನರ್ಸಿಂಗ್ ಅಲ್ಲ, ನೋಂದಣಿಯೂ ಸಿಗುವುದಿಲ್ಲ. ಅದನ್ನೇ ‘ನರ್ಸಿಂಗ್ ಕೋರ್ಸ್’ ಎಂದು ಹೆಸರಿಟ್ಟು ಲಕ್ಷಗಟ್ಟಲೆ ಕೇಳುವವರಿಂದ ದೂರವಿರಲಿ.

ಪ್ರಶ್ನೆ: ನ್ಯೂಜೆರ್ಸಿಯಲ್ಲಿದ್ದೇನೆ, 41 ವರ್ಷ. ಮೈಸೂರಿನಲ್ಲಿ ಬಿ.ಇ. ಓದಿದೆ, ಎಚ್-4 ವೀಸಾದಲ್ಲಿ (ಎಚ್-1ಬಿ ಕೆಲಸದ ವೀಸಾ ಇರುವವರ ಪತಿ ಅಥವಾ ಪತ್ನಿಗೆ ಸಿಗುವ ವೀಸಾ) ಹನ್ನೊಂದು ವರ್ಷ ಮನೆಯಲ್ಲೇ ಇದ್ದೇನೆ. ಇಲ್ಲಿ ನರ್ಸಿಂಗ್ ಓದಬಹುದೇ?

ಉತ್ತರ: ಓದಬಹುದು, ಮತ್ತು ನಿಮ್ಮ ವಯಸ್ಸು ಅಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಕೇಂದ್ರ ಸರ್ಕಾರದ ನೆರವು ಪಡೆಯುವ ಸಂಸ್ಥೆಗಳು ವಯಸ್ಸಿನ ಕಾರಣಕ್ಕೆ ತಾರತಮ್ಯ ಮಾಡುವುದನ್ನು ಅಮೆರಿಕದ 1975ರ ಕಾಯ್ದೆ ತಡೆಯುತ್ತದೆ. ಎಚ್-4ನಲ್ಲಿ ಇದ್ದುಕೊಂಡೇ ಕಾಲೇಜಿಗೆ ಸೇರಬಹುದು. ದುಡಿಯಲು ಮಾತ್ರ ಕೆಲಸದ ಅನುಮತಿ ಪತ್ರ ಬೇಕು. 2015ರಿಂದ ಅದು ಮುಖ್ಯವಾಗಿ ಸಿಗುತ್ತಿರುವುದು, ಎಚ್-1ಬಿ ಪತಿ ಅಥವಾ ಪತ್ನಿಯ ಪರವಾಗಿ ಗ್ರೀನ್ ಕಾರ್ಡಿಗಾಗಿ ಹಾಕಿದ ಐ-140 ಅರ್ಜಿ ಮಂಜೂರಾಗಿರುವವರಿಗೆ. ಓದು ಮುಗಿಯುವ ಹೊತ್ತಿಗೆ ಈ ಪತ್ರ ಕೈಯಲ್ಲಿರುತ್ತದೆಯೇ ಎಂಬುದನ್ನು ವಕೀಲರೊಡನೆ ಮೊದಲು ಬಗೆಹರಿಸಿಕೊಳ್ಳಿ, ಶುಲ್ಕ ಆಮೇಲೆ.

ಸಮುದಾಯ ಕಾಲೇಜಿನ ಎರಡು ವರ್ಷದ ಅಸೋಸಿಯೇಟ್ ಪದವಿಯೂ, ಬೇರೆ ಪದವಿ ಇರುವವರಿಗಾಗಿ ಒಂದು ಒಂದೂವರೆ ವರ್ಷದ ತ್ವರಿತ ಬಿ.ಎಸ್ಸಿ.ಯೂ ಇವೆ, ಎರಡೂ ಎನ್‌ಕ್ಲೆಕ್ಸ್ ಎಂಬ ನರ್ಸ್ ಪರವಾನಗಿ ಪರೀಕ್ಷೆಗೇ ಕೊಂಡೊಯ್ಯುತ್ತವೆ. ಎರಡನೆಯದಕ್ಕೆ ನಿಮ್ಮ ಬಿ.ಇ. ಅಂಕಪಟ್ಟಿಯ ಮೌಲ್ಯಮಾಪನ ಮಾಡಿಸಬೇಕಾಗುತ್ತದೆ. ಅಂಗರಚನೆ, ಸೂಕ್ಷ್ಮಜೀವಶಾಸ್ತ್ರಗಳಂಥ ಪೂರ್ವಭಾವಿ ವಿಷಯಗಳನ್ನು ಹೊಸದಾಗಿಯೇ ಓದಬೇಕು; ಹಲವು ಕಾಲೇಜುಗಳು ಐದಾರು ವರ್ಷಕ್ಕಿಂತ ಹಳೆಯ ವಿಜ್ಞಾನದ ಅಂಕಗಳನ್ನು ಒಪ್ಪುವುದಿಲ್ಲ. ತ್ವರಿತ ಕೋರ್ಸು ಕೇಳಲು ಚೆಂದ, ಆದರೆ ಪ್ರಾಥಮಿಕ ಶಾಲೆಯ ಮಕ್ಕಳಿರುವ ಮನೆಗೆ, ಅದರಲ್ಲೂ ಅಜ್ಜಿ ತಾತ ಆರು ತಿಂಗಳ ವೀಸಾದಲ್ಲಿ ಬಂದು ಹೋಗುವ ಮನೆಗೆ, ನಿಧಾನದ ದಾರಿಯೇ ವಾಸಿ ಎಂದು ನನ್ನ ಅಭಿಪ್ರಾಯ.

ಪ್ರಶ್ನೆ: ನನ್ನ ಹೆಂಡತಿ 34ನೇ ವಯಸ್ಸಿನಲ್ಲಿ ಜಿಎನ್‌ಎಂ ಮೊದಲ ವರ್ಷಕ್ಕೆ ಸೇರಿದ್ದಾಳೆ. ರಾತ್ರಿ ಒಂದು ಗಂಟೆಯವರೆಗೆ ರೆಕಾರ್ಡ್ ಬರೆಯುತ್ತಾಳೆ. ನನ್ನ ಕೈಬರಹ ಚೆನ್ನಾಗಿದೆ, ಚಿತ್ರವೂ ಬರುತ್ತದೆ. ನಾನೇ ಬರೆದುಕೊಟ್ಟರೆ ತಪ್ಪೇ?
– ಶಿವಮೊಗ್ಗ

ಉತ್ತರ: ತಪ್ಪು, ಮತ್ತು ಸಿಕ್ಕಿಬೀಳುತ್ತೀರಿ. ಗಂಡಂದಿರು ಬರೆದ ಹೃದಯದ ಚಿತ್ರಗಳನ್ನು ನಾನು ದೂರದಿಂದಲೇ ಗುರುತಿಸುತ್ತಿದ್ದೆ. ಅವು ಅತಿ ಸುಂದರವಾಗಿರುತ್ತಿದ್ದವು, ಆದರೆ ಕೇಳಿದರೆ ವಿದ್ಯಾರ್ಥಿನಿಗೆ ಕವಾಟಗಳ ಹೆಸರು ಬರುತ್ತಿರಲಿಲ್ಲ. ಪೆನ್ಸಿಲ್ ಅವರಿಗೇ ಬಿಡಿ. ನೀವು ಬೆಳಿಗ್ಗೆ ಐದೂವರೆಗೆ ಎದ್ದು ಒಲೆಯ ಮುಂದೆ ನಿಂತರೆ ಅವರಿಗೆ ಒಂದು ಗಂಟೆ ನಿದ್ದೆ ಹೆಚ್ಚು ಸಿಗುತ್ತದೆ, ಆ ಒಂದು ಗಂಟೆಯಿಂದ ರೆಕಾರ್ಡೂ ಬೇಗ ಮುಗಿಯುತ್ತದೆ. ಭಾನುವಾರ ಆರು ದಿನದ ಸಮವಸ್ತ್ರ ಒಗೆದು ಇಸ್ತ್ರಿ ಮಾಡಿಡಿ. ವಾರ್ಡಿಗೆ ಹಾಕಿಕೊಂಡು ಹೋದ ಬಟ್ಟೆಯನ್ನು ಮಕ್ಕಳ ಬಟ್ಟೆಯೊಡನೆ ನೆನೆಸಬೇಡಿ. ಮುಂದೆ ನೈಟ್ ಡ್ಯೂಟಿ ಶುರುವಾದಾಗ ಹಗಲು ಮಲಗುವ ಕೋಣೆಗೆ ದಪ್ಪ ಪರದೆ ಹಾಕಿಸಿ, ಹಾಲಿನವರಿಗೂ ಪಕ್ಕದ ಮನೆಯವರಿಗೂ ಮಧ್ಯಾಹ್ನ ಎರಡರವರೆಗೆ ಬಾಗಿಲು ಬಡಿಯಬೇಡಿ ಎಂದು ನೀವೇ ಹೋಗಿ ಹೇಳಿ ಬನ್ನಿ.